ಎದೆ ನಡುಗಿಸುವ ಡಾನ್ಸ್ ಬೇಸ್: ಅದಕ್ಕೆ ಲಕ್ಷ ರೂಪಾಯಿಯ ಯಂತ್ರವೇ ಬೇಕೆ?

"ಇಯರ್‌ಫೋನ್ ಹಾಕಿಕೊಂಡು ಕೇಳಿ, ಮೈ ಜುಮ್ ಎನ್ನದಿದ್ದರೆ ಹೇಳಿ" ಎಂಬಂಥ ಸಾಲಿನ ಜೊತೆ ಬರುವ ಬೇಸ್ ವಿಡಿಯೋಗಳು ನಿಮ್ಮ ಗುಂಪಿಗೂ ಬಂದಿರುತ್ತವೆ. ಅವುಗಳ ಹಿಂದೆಯೇ ಮೂರು ಬಗೆಯ ಮಾತು ಬರುತ್ತದೆ. ಈ ಸದ್ದು ಹೊರಡಿಸಲು ಲಕ್ಷಗಟ್ಟಲೆ ಬೆಲೆಯ ಹಳೆಯ ಯಂತ್ರವೇ ಬೇಕು ಎನ್ನುವುದು ಒಂದು. ಇಷ್ಟು ದುಡ್ಡು ಹಾಕಿ, ಆ 'ರಹಸ್ಯ ಪ್ರೀಸೆಟ್' ಕಳಿಸುತ್ತೇವೆ ಎನ್ನುವುದು ಇನ್ನೊಂದು. ಈ ಸಂಗೀತವನ್ನು ಕಂಡುಹಿಡಿದವರೇ ನಮ್ಮ ಮುಂಬೈನವರು, ಅಮೆರಿಕದವರು ಕದ್ದುಕೊಂಡರು ಎನ್ನುವುದು ಮತ್ತೊಂದು.

ಮೊದಲೇ ಹೇಳಿಬಿಡುತ್ತೇವೆ. ಮೊದಲನೆಯದು ಸುಳ್ಳು. ಎರಡನೆಯದು ಬಹುತೇಕ ಸಲ ದಂಡದ ಖರ್ಚು. ಮೂರನೆಯದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವೇ ಬಹಳ ಸೊಗಸಾಗಿದೆ.

ಡಾನ್ಸ್ ಹಾಡುಗಳ ಪ್ರಸಿದ್ಧ ಬೇಸ್ ಸದ್ದುಗಳನ್ನು ಬಿಚ್ಚಿ ನೋಡಿದರೆ ಒಳಗೆ ಸಿಗುವುದು ನಾಲ್ಕೈದು ಸರಳ ಭಾಗಗಳು. ಆ ಭಾಗಗಳು ಇವತ್ತು ಉಚಿತ ಸಿಂಥಸೈಜರ್ ಸಾಫ್ಟ್‌ವೇರ್‌ಗಳಲ್ಲೂ ಇವೆ. ಕಂಪ್ಯೂಟರ್ ಇದ್ದವರಿಗೆ 'ವೈಟಲ್' ಮತ್ತು 'ಸರ್ಜ್ ಎಕ್ಸ್‌ಟಿ' ಸಿಗುತ್ತವೆ. ಐಫೋನ್ ಇದ್ದರೆ 'ಗ್ಯಾರೇಜ್‌ಬ್ಯಾಂಡ್' ಸಾಕು. ಬರೀ ಬ್ರೌಸರ್ ಇದ್ದರೂ ಏಬಲ್ಟನ್ ಕಂಪನಿಯ 'ಲರ್ನಿಂಗ್ ಸಿಂತ್ಸ್' ಎಂಬ ಜಾಲತಾಣದಲ್ಲಿ ಬೆರಳಾಡಿಸಿ ನೋಡಬಹುದು, ಕಾಸು ಕೊಡಬೇಕಿಲ್ಲ. ಯಾವ ಭಾಗ ಯಾವ ಕೆಲಸ ಮಾಡುತ್ತಿದೆ ಎಂದು ಕಿವಿ ಗುರುತಿಸಬೇಕು, ಅಷ್ಟೇ. ಅದನ್ನು ಮಾತ್ರ ಯಾರೂ ಮಾರಲಾರರು.

ಮೊದಲಿಗೆ, ಫೋನಿನ ಸ್ಪೀಕರ್ ನಂಬಬೇಡಿ

ಡಾನ್ಸ್ ಹಾಡಿನ ಬೇಸ್ ಸಾಮಾನ್ಯವಾಗಿ 40ರಿಂದ 100 ಹರ್ಟ್ಜ್ ಆಸುಪಾಸಿನಲ್ಲಿ ಕೂತಿರುತ್ತದೆ. ಉದಾಹರಣೆಗೆ 55 ಹರ್ಟ್ಜ್ ಹಿಡಿಯಿರಿ. ಸ್ಪೀಕರಿನ ಪರದೆ ಸೆಕೆಂಡಿಗೆ 55 ಬಾರಿ ಗಾಳಿಯನ್ನು ಹಿಂದೆ ಮುಂದೆ ತಳ್ಳಬೇಕು, ಆ ಅಲೆಯ ಉದ್ದ ಗಾಳಿಯಲ್ಲಿ 6 ಮೀಟರಿಗಿಂತ ಹೆಚ್ಚು. ಉಗುರಗಲದ ಫೋನ್ ಸ್ಪೀಕರಿನಿಂದ ಅಷ್ಟು ಗಾಳಿ ತಳ್ಳುವುದು ಆಗದ ಮಾತು. ಕೆಲವು ನೂರು ಹರ್ಟ್ಜ್‌ಗಿಂತ ಕೆಳಗೆ ಅದರ ಸದ್ದು ಸೊರಗಿಹೋಗುತ್ತದೆ.

ಹಾಗಾದರೆ ಫೋನಿನಲ್ಲೂ ಬೇಸ್ ಕೇಳಿಸಿದಂತೆ ಆಗುತ್ತದಲ್ಲ? ಹೌದು, ಅದನ್ನು ಕಟ್ಟಿಕೊಡುವುದು ನಿಮ್ಮ ಮಿದುಳು.

55 ಹರ್ಟ್ಜ್‌ನ ಒಂದು ಸ್ವರ ಒಂಟಿಯಾಗಿ ಬರುವುದು ಅಪರೂಪ. ಅದರ ಜೊತೆ 110, 165, 220, 275 ಹೀಗೆ ಅದರ ಮಗ್ಗಿಯೇ ಬರುತ್ತದೆ. ಇವನ್ನು ಹಾರ್ಮೋನಿಕ್ ಎನ್ನುತ್ತಾರೆ. ಫೋನು ಕೆಳಗಿನವನ್ನು ನುಂಗಿ ಮೇಲಿನವನ್ನಷ್ಟೇ ಕೇಳಿಸಿದರೂ, ಅವುಗಳ ನಡುವಿನ ಅಂತರ 55 ಎಂದು ಮಿದುಳು ಲೆಕ್ಕ ಹಾಕಿ ಇಲ್ಲದ ತಳವನ್ನು ತಾನೇ ತುಂಬಿಕೊಳ್ಳುತ್ತದೆ. ಹಳೆಯ ಲ್ಯಾಂಡ್‌ಲೈನ್ ಫೋನು ದಾಟಿಸುತ್ತಿದ್ದುದು 300ರಿಂದ 3400 ಹರ್ಟ್ಜ್ ಮಾತ್ರ. ಗಂಡಸಿನ ದನಿಯ ತಳವೋ 100 ಹರ್ಟ್ಜ್‌ನ ಸುತ್ತಮುತ್ತ. ಅಂದರೆ ಅಪ್ಪನ ಗಡಸು ದನಿಯ ತಳ ಆ ತಂತಿಯಲ್ಲಿ ಬರುತ್ತಲೇ ಇರಲಿಲ್ಲ, ಆದರೂ ನಮಗೆ ಅಪ್ಪನ ದನಿ ಅಪ್ಪನ ದನಿಯಂತೆಯೇ ಕೇಳುತ್ತಿತ್ತು. ಜರ್ಮನಿಯ ಆಗಸ್ಟ್ ಸೀಬೆಕ್ 1840ರ ದಶಕದಲ್ಲೇ ಸೈರನ್‌ಗಳನ್ನಿಟ್ಟು ಈ ವಿಚಿತ್ರವನ್ನು ತೋರಿಸಿದ್ದ.

ಬೇಸ್ ಕಟ್ಟುವವರಿಗೆ ಇದು ತಿಳಿದಿರಲೇಬೇಕು. ಬರೀ ತಳವನ್ನಷ್ಟೇ ಇಟ್ಟು ಬೇಸ್ ಮಾಡಿದರೆ ದೊಡ್ಡ ಬಾಕ್ಸಿನಲ್ಲಿ ಎದೆ ನಡುಗುತ್ತದೆ, ಫೋನಿನಲ್ಲಿ ಪೂರ್ತಿ ಮಾಯ. ಮೇಲಿನ ಹಾರ್ಮೋನಿಕ್‌ಗಳನ್ನೂ ಇಟ್ಟರೆ ಎರಡೂ ಕಡೆ ಬದುಕುತ್ತದೆ. "20 ಹರ್ಟ್ಜ್ ಬೇಸ್ ಟೆಸ್ಟ್, ನಿಮ್ಮ ಫೋನಿನಲ್ಲಿ ಕೇಳಿಸುತ್ತಾ?" ಎಂದು ಬರುವ ಪರೀಕ್ಷೆಗಳಲ್ಲಿ ಫೋನಿನ ಸ್ಪೀಕರಿನಿಂದ ನಿಮಗೆ ಏನಾದರೂ ಕೇಳಿಸಿದ್ದರೆ ಅದು 20 ಹರ್ಟ್ಜ್ ಆಗಿರಲು ಸಾಧ್ಯವಿಲ್ಲ. ಮೇಲಿನ ಹಾರ್ಮೋನಿಕ್ ಇಲ್ಲವೇ ಸ್ಪೀಕರಿನ ಗರಗರ ಎಂದುಕೊಳ್ಳಿ. ಇಲ್ಲಿಂದ ಮುಂದಿನದನ್ನು ಇಯರ್‌ಫೋನಿನಲ್ಲೇ ಮಾಡಿ ನೋಡಿ.

ಮೋರ್ಸಿಂಗ್ ಗೊತ್ತಿದ್ದರೆ ಸಿಂಥಸೈಜರ್ ಗೊತ್ತು

ಮೋರ್ಸಿಂಗ್ ನುಡಿಸುವವರನ್ನು ಗಮನಿಸಿದ್ದೀರಾ? ಬೆರಳು ಮೀಟುವುದು ಒಂದೇ ನಾಲಗೆಯನ್ನು, ಹೊರಡುವುದು ಒಂದೇ ಶ್ರುತಿ. ಆದರೆ ಬಾಯಿಯ ಒಳಗಿನ ಜಾಗವನ್ನು ಹಿಗ್ಗಿಸಿ ಕುಗ್ಗಿಸಿ ಅವರು ಆ ಒಂದೇ ಸ್ವರದಿಂದ ಟಂಯ್ಯ ಟೊಂಯ್ಯ ಎಂದು ಹತ್ತಾರು ಬಣ್ಣ ಹೊರಡಿಸುತ್ತಾರೆ. ಸಿಂಥಸೈಜರಿನ ಬೇಸ್ ಕೂಡ ಇದೇ ರೀತಿ ಹುಟ್ಟುತ್ತದೆ. ಲೋಹದ ನಾಲಗೆಯ ಕೆಲಸವನ್ನು ಆಸಿಲೇಟರ್ ಮಾಡುತ್ತದೆ, ಬಾಯಿಯ ಕೆಲಸವನ್ನು ಫಿಲ್ಟರ್ ಮಾಡುತ್ತದೆ.

ಆಸಿಲೇಟರ್ ಕೊಡುವ ಕಚ್ಚಾ ಸದ್ದಿನಲ್ಲಿ ನಮಗೆ ಬೇಕಾದವು ಮೂರು. ಸೈನ್ ಅಲೆಯಲ್ಲಿ ತಳದ ಸ್ವರ ಮಾತ್ರ ಇರುತ್ತದೆ, ಹಾರ್ಮೋನಿಕ್ ಇಲ್ಲ, ನುಣ್ಣಗೆ ಊಂ ಎನ್ನುತ್ತದೆ. ಗರಗಸದ ಹಲ್ಲಿನಂತೆ ಕಾಣುವ ಸಾ-ಟೂತ್ ಅಲೆಯಲ್ಲಿ ಮಗ್ಗಿಯ ಎಲ್ಲ ಹಾರ್ಮೋನಿಕ್‌ಗಳೂ ಇರುತ್ತವೆ. ಎರಡನೆಯದು ಅರ್ಧ ಜೋರು, ಮೂರನೆಯದು ಮೂರನೇ ಒಂದು ಭಾಗ, ಹೀಗೆ ಇಳಿಯುತ್ತ ಹೋಗುತ್ತವೆ. ಝರ್ರ್ ಎಂದು ಒರಟಾಗಿ ಕೇಳುತ್ತದೆ. ಸ್ಕ್ವೇರ್ ಅಲೆಯಲ್ಲಿ 1, 3, 5, 7 ಹೀಗೆ ಬೆಸಸಂಖ್ಯೆಯವು ಮಾತ್ರ. ಅದಕ್ಕೇ ಅದು ಬಿದಿರ ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗಿ ಕೇಳುತ್ತದೆ.

ಫಿಲ್ಟರ್ ಅಂದರೇನು ಎಂದು ತಿಳಿಯಲು ಆರ್ಕೆಸ್ಟ್ರಾ ನಡೆಯುವ ಕಲ್ಯಾಣ ಮಂಟಪದ ಹೊರಗೆ ನಿಂತರೆ ಸಾಕು. ಬಾಗಿಲು ಮುಚ್ಚಿದ್ದಾಗ ಧುಂ ಧುಂ ಅಷ್ಟೇ. ಯಾರೋ ಬಾಗಿಲು ತೆರೆದರು, ಹಾಡಿನ ಮಾತು, ತಾಳದ ಝಣಝಣ ಎಲ್ಲ ನುಗ್ಗಿ ಬಂತು. ಮುಚ್ಚಿದರು, ಮತ್ತೆ ಧುಂ ಧುಂ. ಆ ಬಾಗಿಲಿಗೆ ಸಿಂಥಸೈಜರಿನಲ್ಲಿ 'ಕಟ್‌ಆಫ್' ಎಂದು ಹೆಸರು. ಎಷ್ಟು ಹರ್ಟ್ಜ್‌ವರೆಗಿನ ಸದ್ದನ್ನು ಒಳಬಿಡಬೇಕು ಎಂದು ಆ ನಾಬ್ ತೀರ್ಮಾನಿಸುತ್ತದೆ. ಪಕ್ಕದಲ್ಲಿ 'ರೆಸೊನೆನ್ಸ್' ಎಂಬ ಇನ್ನೊಂದು ನಾಬ್ ಇರುತ್ತದೆ. ಬಾಗಿಲಿನ ಅಂಚಿಗೆ ಸರಿಯಾಗಿ ಬಂದು ನಿಂತ ಹಾರ್ಮೋನಿಕ್‌ಗಳನ್ನು ಅದು ಎತ್ತಿ ಹಿಡಿಯುತ್ತದೆ. ಜಾಸ್ತಿ ಮಾಡಿದರೆ ಸೀಟಿ ಹೊಡೆದಂತೆ ಕೂಗುತ್ತದೆ.

ಇನ್ನುಳಿದದ್ದು ಆ ಬಾಗಿಲನ್ನು ಯಾರು ತೆರೆದು ಮುಚ್ಚುತ್ತಾರೆ ಎನ್ನುವುದು. ಪ್ರತಿ ಸ್ವರ ಶುರುವಾದಾಗ ಒಮ್ಮೆ ತೆರೆದು ತಾನಾಗಿ ಮುಚ್ಚಿಕೊಳ್ಳುವಂತೆ ಮಾಡುವುದು 'ಎನ್ವಲಪ್'. ಗಡಿಯಾರದಂತೆ ಒಂದೇ ಸಮನೆ ತೆರೆದು ಮುಚ್ಚಿಸುವುದು 'ಎಲ್‌ಎಫ್‌ಒ'. ನಿಮ್ಮ ಕೈಯಿಂದಲೂ ತಿರುಗಿಸಬಹುದು. ಇಷ್ಟು ಸಾಮಾನು ಸಾಕು, ಅಡುಗೆಗೆ ಇಳಿಯೋಣ.

ಯಾರಿಗೂ ಬೇಡವಾಗಿದ್ದ ಬೆಳ್ಳಿ ಡಬ್ಬಿ

ಫಾರ್ವರ್ಡ್‌ಗಳಲ್ಲಿ ಹೆಚ್ಚು ಹೆಸರು ಕೇಳುವ ಯಂತ್ರ ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303. ಅದು ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ಒಬ್ಬನೇ ಕೂತು ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬೇಸ್ ಗಿಟಾರಿನ ಸಾಥ್ ಕೊಡಲೆಂದು ಮಾಡಿದ ಪೆಟ್ಟಿಗೆ ಅದು. ಬೇಸ್ ಗಿಟಾರಿನಂತೆ ಅದು ಕೇಳಲೇ ಇಲ್ಲ. ಸ್ವರ ತುಂಬುವ ವಿಧಾನವೂ ತಲೆನೋವಿನದು. ಸುಮಾರು 10,000 ಯಂತ್ರಗಳಾದ ಮೇಲೆ 1984ರಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು. ಮಿಕ್ಕವು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿದ್ದವು.

ಶಿಕಾಗೋದ ಕೆಲವು ಹುಡುಗರ ಕೈಗೆ ಅಂಥ ಒಂದು ಡಬ್ಬಿ ಸಿಕ್ಕಿತು. 'ಫ್ಯೂಚರ್' ಎಂಬ ಹೆಸರಿನ ಗುಂಪು ಅವರದು, ಅದರಲ್ಲಿ ಡಿಜೆ ಪಿಯರ್ ಎಂಬಾತ ಸ್ವರಗಳು ತಿರುತಿರುಗಿ ಓಡುತ್ತಿರುವಾಗಲೇ ಕಟ್‌ಆಫ್, ರೆಸೊನೆನ್ಸ್ ನಾಬ್‌ಗಳನ್ನು ತಿರುಚತೊಡಗಿದ. ಬೇಸ್ ಗಿಟಾರ್ ಹೋಗಿ ಬಾಯಿಬಿಟ್ಟು ಅರಚುವ ಏನೋ ಒಂದು ಜೀವಿ ಹುಟ್ಟಿತು. 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ಎಂಬ ಹೆಸರಿನಲ್ಲಿ ರೆಕಾರ್ಡ್ ಆಗಿ ಬಂದ ಆ ಹನ್ನೊಂದು ಚಿಲ್ಲರೆ ನಿಮಿಷದ ಸಂಗೀತದಿಂದ 'ಆಸಿಡ್ ಹೌಸ್' ಎಂಬ ಪ್ರಕಾರವೇ ಶುರುವಾಯಿತು. ಇವತ್ತು ಹಳೆಯ ಟಿಬಿ-303 ಬೇಕೆಂದರೆ ಬೆಲೆ ಲಕ್ಷಗಳಲ್ಲಿ.

ಅದನ್ನು ಕೊಳ್ಳದೆ ಆ ಸದ್ದು ಮಾಡುವುದು ಹೇಗೆ? ಒಂದೇ ಆಸಿಲೇಟರ್ ಇಟ್ಟುಕೊಳ್ಳಿ, ಸಾ-ಟೂತ್. ಒಂದು ಹೊತ್ತಿಗೆ ಒಂದೇ ಸ್ವರ ಹೊರಡುವಂತೆ 'ಮೋನೋ' ಮಾಡಿ. ಫಿಲ್ಟರಿನ ಕಟ್‌ಆಫ್ 300 ಹರ್ಟ್ಜ್ ಸುಮಾರಿಗೆ ಇಳಿಸಿ, ರೆಸೊನೆನ್ಸ್ ಮುಕ್ಕಾಲು ಭಾಗ ಏರಿಸಿ. ಫಿಲ್ಟರಿಗೆ ಒಂದು ಎನ್ವಲಪ್ ಕೊಡಿ, ತಕ್ಷಣ ತೆರೆದು ಕಾಲು ಸೆಕೆಂಡಿನಲ್ಲಿ ಮುಚ್ಚಿಕೊಳ್ಳಲಿ. ನಿಮಿಷಕ್ಕೆ 125 ಬೀಟ್ ಇಟ್ಟರೆ ಹದಿನಾರು ಮನೆಯ ಸಾಲಿನಲ್ಲಿ ಒಂದೊಂದು ಮನೆ 0.12 ಸೆಕೆಂಡ್. ಆ ಹದಿನಾರರಲ್ಲಿ ಹತ್ತು-ಹನ್ನೆರಡು ಮನೆಗೆ ಸ್ವರ ಹಾಕಿ, ಒಂದೆರಡನ್ನು ಮೇಲಿನ ಸ್ಥಾಯಿಗೆ ಹಾರಿಸಿ, ಉಳಿದವನ್ನು ಖಾಲಿ ಬಿಡಿ.

ಇಷ್ಟಕ್ಕೇ ನಿಲ್ಲಿಸಿದವರು "ಬರಲಿಲ್ಲ, ಯಂತ್ರವೇ ಬೇಕು" ಎನ್ನುತ್ತಾರೆ. ಬಿಟ್ಟುಹೋದವು ಎರಡಿವೆ, ಆಕ್ಸೆಂಟ್ ಮತ್ತು ಸ್ಲೈಡ್. ಟಿಬಿ-303ರಲ್ಲಿ ಯಾವುದೇ ಮನೆಗೆ ಆಕ್ಸೆಂಟ್ ಕೊಟ್ಟರೆ ಆ ಸ್ವರ ಜೋರಾಗುವುದಷ್ಟೇ ಅಲ್ಲ, ಫಿಲ್ಟರಿನ ಬಾಗಿಲೂ ಇನ್ನಷ್ಟು ಅಗಲ ತೆರೆಯುತ್ತದೆ. ಆದ್ದರಿಂದ ನಿಮ್ಮ ಸಾಫ್ಟ್‌ವೇರಿನಲ್ಲಿ 'ವೆಲಾಸಿಟಿ'ಯನ್ನು ಸದ್ದಿನ ಮಟ್ಟಕ್ಕೂ ಕಟ್‌ಆಫ್‌ಗೂ ಎರಡಕ್ಕೂ ಜೋಡಿಸಬೇಕು. ಸ್ಲೈಡ್ ಅಂದರೆ ಒಂದು ಸ್ವರದಿಂದ ಮುಂದಿನದಕ್ಕೆ ನಡುವೆ ಬಿಡದೆ ಜಾರುವುದು. ನಮ್ಮ ಗಾಯಕರು 'ಜಾರು' ಎಂದು ಕರೆಯುವ ಗಮಕದ ಯಂತ್ರರೂಪ ಎಂದುಕೊಳ್ಳಿ. ಎಲ್ಲ ಸ್ವರಗಳಿಗೂ ಕೊಟ್ಟರೆ ಕುಡುಕನ ನಡಿಗೆ ಆಗುತ್ತದೆ. ಹದಿನಾರರಲ್ಲಿ ಮೂರ್ನಾಲ್ಕಕ್ಕೆ ಕೊಡಿ. ಕೊನೆಗೆ ಸ್ವಲ್ಪ ಡಿಸ್ಟಾರ್ಷನ್ ಸೇರಿಸಿ, ಸಾಲನ್ನು ಓಡಲು ಬಿಟ್ಟು, ಎರಡು ಮೂರು ನಿಮಿಷದ ಉದ್ದಕ್ಕೂ ಕಟ್‌ಆಫ್ ನಾಬನ್ನು ಕೈಯಿಂದ ನಿಧಾನಕ್ಕೆ ಏರಿಸಿ ಇಳಿಸಿ. ಹಾಡು ಇರುವುದು ಆ ಕೈಯಲ್ಲಿ. ಪ್ರೀಸೆಟ್ ಕೊಂಡವರಿಗೆ ಸಿಗುವುದು ಕದಲದೆ ನಿಂತ ಒಂದು ಕ್ಷಣ ಮಾತ್ರ.

ಮುಂಬೈನ ಕಥೆ ಎಷ್ಟು ನಿಜ?

ಶಿಕಾಗೋಕ್ಕಿಂತ ಐದು ವರ್ಷ ಮೊದಲು, 1982ರಲ್ಲಿ, ಇದೇ ಟಿಬಿ-303 ಬಳಸಿ ಮುಂಬೈಯಲ್ಲಿ ಒಂದು ಆಲ್ಬಂ ಬಂದಿತ್ತು. ಹಿಂದಿ ಚಿತ್ರಗೀತೆಗಳ ವಾದ್ಯವೃಂದದಲ್ಲಿ ದುಡಿಯುತ್ತಿದ್ದ ಚರಣಜಿತ್ ಸಿಂಗ್ ಟಿಬಿ-303, ಟಿಆರ್-808 ತಾಳಯಂತ್ರ, ಜುಪಿಟರ್-8 ಸಿಂಥಸೈಜರ್, ಈ ಮೂರನ್ನು ಮುಂದಿಟ್ಟುಕೊಂಡು ಭೈರವಿ, ಲಲಿತ್, ತೋಡಿ, ಯಮನ್, ಮಾಲ್ಕೌಂಸ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಆಲ್ಬಂನ ಹೆಸರು 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಆಗ ಯಾರೂ ಹೆಚ್ಚು ಕೊಳ್ಳಲಿಲ್ಲ, ಮರೆತೂಹೋಯಿತು. 2010ರಲ್ಲಿ ಮರುಬಿಡುಗಡೆ ಆದಾಗ ಕೇಳಿದವರಿಗೆಲ್ಲ ಬೆರಗು. ಇದು ಆಸಿಡ್ ಹೌಸ್ ತರವೇ ಇದೆಯಲ್ಲ! ಸಿಂಗ್ ಅವರು 2015ರಲ್ಲಿ ತೀರಿಕೊಂಡರು. ಇಳಿವಯಸ್ಸಿನಲ್ಲಿ ಈ ಮನ್ನಣೆ ಕಣ್ಣಾರೆ ಕಂಡರು ಎನ್ನುವುದು ಸಮಾಧಾನ.

ಆದ್ದರಿಂದ "ಆ ಯಂತ್ರದ ಜಾರುವ ಬೇಸನ್ನು ಭಾರತೀಯನೊಬ್ಬ ಶಿಕಾಗೋಕ್ಕಿಂತ ಮೊದಲೇ ಪೂರ್ತಿ ಆಲ್ಬಂನಲ್ಲಿ ಬಳಸಿದ್ದ" ಎಂದು ಹೇಳಿದರೆ ಅದು ನಿಜ. "ಅಮೆರಿಕದವರು ಅದನ್ನು ಕದ್ದರು" ಎಂದರೆ ಅದಕ್ಕೆ ಯಾವ ಆಧಾರವೂ ಇಲ್ಲ. ನಮ್ಮ ಊರಿನಲ್ಲೇ ಮಾರಾಟವಾಗದ ರೆಕಾರ್ಡು ಅದು. ಒಂದೇ ಯಂತ್ರ ಇಬ್ಬರ ಕೈಗೆ ಬೇರೆ ಬೇರೆ ಕಡೆ ಸಿಕ್ಕಿತು. ಒಬ್ಬರಿಗೆ ಅದರಲ್ಲಿ ರಾಗದ ಜಾರು ಕಂಡಿತು, ಇನ್ನೊಬ್ಬರಿಗೆ ಫಿಲ್ಟರಿನ ಕಿರುಚಾಟ ಕಂಡಿತು. ಕಳ್ಳತನದ ಆರೋಪ ಸೇರಿಸಿ ಹಂಚಿದರೆ ಚರಣಜಿತ್ ಸಿಂಗ್ ಅವರ ಕೆಲಸಕ್ಕೇನೂ ಹೆಚ್ಚಿನ ಮರ್ಯಾದೆ ಬರುವುದಿಲ್ಲ.

ಶ್ರುತಿ ತಪ್ಪಿಸಿದರೆ ಸಿಗುವ ಬೇಸ್

ತಂಬೂರಿ ಶ್ರುತಿ ಮಾಡುವಾಗ ಕಿವಿಗೊಟ್ಟವರಿಗೆ ಗೊತ್ತು. ಎರಡು ತಂತಿ ಒಂದೇ ಸ್ವರಕ್ಕೆ ಹತ್ತಿರ ಬಂದಿವೆ, ಇನ್ನೂ ಕೂಡಿಲ್ಲ ಎನ್ನುವಾಗ ವೊಂಯ್... ವೊಂಯ್... ಎಂದು ನಾದ ಉಬ್ಬಿ ತಗ್ಗುತ್ತದೆ. ಪೂರ್ತಿ ಕೂಡಿದಾಗ ಆ ಅಲೆದಾಟ ನಿಲ್ಲುತ್ತದೆ. ಸಂಗೀತಗಾರರು ಹೋಗಲಾಡಿಸಲು ನೋಡುವ ಈ ಅಲೆದಾಟವನ್ನೇ ಬೇಕೆಂದು ಇಟ್ಟುಕೊಂಡರೆ ಡಾನ್ಸ್ ಸಂಗೀತದ ಇನ್ನೊಂದು ಪ್ರಸಿದ್ಧ ಬೇಸ್ ಸಿಗುತ್ತದೆ. ಅದಕ್ಕೆ 'ರೀಸ್ ಬೇಸ್' ಎಂದು ಹೆಸರು.

ಡೆಟ್ರಾಯಿಟ್ ಟೆಕ್ನೋ ಸಂಗೀತದ ಮೊದಲಿಗರಲ್ಲಿ ಒಬ್ಬರಾದ ಕೆವಿನ್ ಸಾಂಡರ್ಸನ್ 'ರೀಸ್' ಎಂಬ ಹೆಸರಿನಲ್ಲಿ 1988ರಲ್ಲಿ ತಂದ 'ಜಸ್ಟ್ ವಾಂಟ್ ಅನದರ್ ಚಾನ್ಸ್' ಎಂಬ ಹಾಡಿನಿಂದ ಆ ಹೆಸರು ಬಂತು. ಕೆಲವು ವರ್ಷಗಳ ಮೇಲೆ ಇಂಗ್ಲೆಂಡಿನ ಜಂಗಲ್, ಡ್ರಮ್ ಅಂಡ್ ಬೇಸ್ ಸಂಗೀತದವರು ಅದನ್ನು ಎತ್ತಿಕೊಂಡರು. ಸಾಂಡರ್ಸನ್ ಬಳಸಿದ್ದು ಕ್ಯಾಸಿಯೋ ಕಂಪನಿಯ ಸಿಝಡ್-5000. ತಮಾಷೆ ಏನೆಂದರೆ ಆ ಕ್ಯಾಸಿಯೋದಲ್ಲಿ ನಾವು ಮೇಲೆ ಹೇಳಿದ ಬಗೆಯ ಫಿಲ್ಟರೇ ಇಲ್ಲ. ಅದು ಸದ್ದಿನ ಬಣ್ಣ ಬದಲಿಸುವುದು ಬೇರೆಯದೇ ಲೆಕ್ಕಾಚಾರದಿಂದ. ಆದರೂ ಇವತ್ತು ಜಗತ್ತಿನ ಎಲ್ಲ ಕಡೆ ಜನ ಬೇರೆ ಬೇರೆ ಸಿಂಥಸೈಜರಿನಲ್ಲಿ ರೀಸ್ ಬೇಸ್ ಮಾಡುತ್ತಾರೆ. ಯಂತ್ರವೇ ಬೇಕು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಎರಡು ಸಾ-ಟೂತ್ ಆಸಿಲೇಟರ್ ತೆಗೆದುಕೊಳ್ಳಿ. ಒಂದನ್ನು 10 ಸೆಂಟ್ ಮೇಲೆ, ಇನ್ನೊಂದನ್ನು 10 ಸೆಂಟ್ ಕೆಳಗೆ ಸರಿಸಿ. ಪಿಯಾನೋದ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್, ಹಾಗಾಗಿ ಇದು ಬಹಳ ಸಣ್ಣ ವ್ಯತ್ಯಾಸ. 55 ಹರ್ಟ್ಜ್ ಸ್ವರದಲ್ಲಿ ಎರಡರ ನಡುವಿನ ಅಂತರ ಸುಮಾರು 0.64 ಹರ್ಟ್ಜ್ ಆಗುತ್ತದೆ. ಅಂದರೆ ತಳದ ಸ್ವರ ಒಂದೂವರೆ ಸೆಕೆಂಡಿಗೊಮ್ಮೆ ಉಬ್ಬಿ ತಗ್ಗುತ್ತದೆ. ಎರಡನೇ ಹಾರ್ಮೋನಿಕ್ ಅದರ ಎರಡು ಪಟ್ಟು ವೇಗದಲ್ಲಿ, ಹತ್ತನೆಯದು ಹತ್ತು ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ ಆರು ಬಾರಿಗಿಂತ ಹೆಚ್ಚು. ಕೆಳಗೆ ನಿಧಾನ, ಮೇಲೆ ಮೇಲೆ ಹೋದಂತೆ ಚುರುಕು. ಎಲ್ಲವೂ ಒಂದೇ ಸದ್ದಿನೊಳಗೆ. ಕುದಿಯುವ ಡಾಂಬರಿನಂತೆ ಒಳಗೊಳಗೇ ಹೊರಳುವ ಆ ಗುಣ ಬರುವುದು ಇಲ್ಲಿಂದ. ಮೇಲೆ ಫಿಲ್ಟರ್ ಹಾಕಿ, ಕಟ್‌ಆಫ್ ನಿಧಾನಕ್ಕೆ ಆಡಿಸಿ.

ಒಂದು ಎಚ್ಚರ. ತಳದ ಸ್ವರ ಒಂದೂವರೆ ಸೆಕೆಂಡಿಗೊಮ್ಮೆ ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ ಎಂದ ಮೇಲೆ, ಬೇಕಾದ ಹೊತ್ತಿಗೆ ಸರಿಯಾಗಿ ಬೇಸ್ ಕೈಕೊಡಬಹುದು. ಡ್ರಮ್ ಬಿದ್ದ ಕ್ಷಣಕ್ಕೇ ತಳ ಮಾಯವಾದರೆ ಹಾಡು ಬೋಳಾಗುತ್ತದೆ. ಇದಕ್ಕೆ ಪರಿಹಾರವಿದೆ. ಈ ಎರಡರ ಕೆಳಭಾಗವನ್ನು, ಅಂದರೆ 100 ಹರ್ಟ್ಜ್‌ಗಿಂತ ಕೆಳಗಿನದನ್ನು, ಕತ್ತರಿಸಿ ಬಿಸಾಡಿ. ಆ ಜಾಗಕ್ಕೆ ಅಲುಗಾಡದ ಒಂದು ಸೈನ್ ಅಲೆಯನ್ನು ಇಡಿ. ಮೇಲೆ ಹೊರಳಾಟ, ಕೆಳಗೆ ಗಟ್ಟಿ ನೆಲ. "ನಮ್ಮ ಬೇಸ್ ಯಾಕೋ ತೆಳು ಅನಿಸುತ್ತೆ" ಎನ್ನುವವರ ಅರ್ಧ ಸಮಸ್ಯೆ ಇಲ್ಲೇ ಮುಗಿಯುತ್ತದೆ.

ವೊವ್ ವೊವ್ ಎನ್ನುವ ಬೇಸ್, ಮತ್ತೆ ಕೆಲವು

ಡಬ್‌ಸ್ಟೆಪ್ ಸಂಗೀತದ ವೊವ್-ವೊವ್-ವೊವ್ ಬೇಸ್ ಕೇಳಲು ಭಯಂಕರ, ಮಾಡಲು ಎಲ್ಲಕ್ಕಿಂತ ಸುಲಭ. ಮೇಲಿನ ಯಾವುದೇ ಬೇಸ್ ತೆಗೆದುಕೊಂಡು ಅದರ ಕಟ್‌ಆಫ್‌ಗೆ ಎಲ್‌ಎಫ್‌ಒ ಕಟ್ಟಿ. ಡಬ್‌ಸ್ಟೆಪ್ ಸಾಮಾನ್ಯವಾಗಿ ನಿಮಿಷಕ್ಕೆ 140 ಬೀಟ್. ಬೀಟಿಗೆ ಎರಡು ಬಾರಿ ವೊವ್ ಎನ್ನಬೇಕಾದರೆ ಎಲ್‌ಎಫ್‌ಒ ಸೆಕೆಂಡಿಗೆ 4.67 ಬಾರಿ ತಿರುಗಬೇಕು, ಮೂರು ಬಾರಿ ಎನ್ನಬೇಕಾದರೆ ಸರಿಯಾಗಿ 7 ಬಾರಿ. ಲೆಕ್ಕ ಬೇಡವೆಂದರೆ 'ಸಿಂಕ್' ಒತ್ತಿದರೆ ಅದೇ ನೋಡಿಕೊಳ್ಳುತ್ತದೆ. ಒಂದೇ ವೇಗದಲ್ಲಿ ಬಿಟ್ಟರೆ ನೀರೆತ್ತುವ ಮೋಟಾರಿನಂತೆ ಬೇಸರ ಹಿಡಿಸುತ್ತದೆ. ಎರಡು, ಮೂರು, ನಾಲ್ಕು ಎಂದು ನಡೆ ಬದಲಿಸುತ್ತ ಹೋಗುವುದರಲ್ಲೇ ಗಮ್ಮತ್ತು ಇರುವುದು. ಮೃದಂಗದಲ್ಲಿ ತಿಶ್ರ, ಚತುರಶ್ರ ಕೇಳಿದ ಕಿವಿಗೆ ಇದನ್ನು ವಿವರಿಸಬೇಕಿಲ್ಲ.

'808 ಬೇಸ್' ಎಂದು ಕರೆಯುವ ಉದ್ದನೆಯ ಬೂಊಊಂ ಇನ್ನೂ ಸರಳ. 1980ರಲ್ಲಿ ಬಂದ ಟಿಆರ್-808 ತಾಳಯಂತ್ರದ ಡ್ರಮ್ ಸದ್ದನ್ನು ಎಳೆದು ಉದ್ದ ಮಾಡಿದರೆ ಅದೇ ಬೇಸ್. ಒಂದು ಸೈನ್ ಅಲೆ, ಶುರುವಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಿನಿಂದ ಕೆಳಕ್ಕೆ ಬೀಳುವ ಶ್ರುತಿ, ಆಮೇಲೆ ನಿಧಾನಕ್ಕೆ ಆರುವ ಸದ್ದು. ಫೋನಿನಲ್ಲಿ ಕೇಳಿಸಲು ಮಾತ್ರ ಸ್ವಲ್ಪ ಡಿಸ್ಟಾರ್ಷನ್ ಬೇಕು, ಯಾಕೆಂದು ಈಗ ನಿಮಗೆ ಗೊತ್ತು.

ಎಲ್ಲ ಬೇಸ್‌ಗಳೂ ಹೀಗೆ ಕಟ್ಟಿದವೇ ಎಂದರೆ ಅದೂ ಸುಳ್ಳು. ರಾಬಿನ್ ಎಸ್ ಹಾಡಿದ 'ಶೋ ಮಿ ಲವ್' 1993ರಲ್ಲಿ ಜಗತ್ತಿನ ಕ್ಲಬ್ಬುಗಳನ್ನೆಲ್ಲ ಗೆದ್ದಿತು. ಅದರ ಗುಂಡಗಿನ ಆರ್ಗನ್ ಬೇಸ್ ಕೋರ್ಗ್ ಎಂ1 ಎಂಬ ಕೀಬೋರ್ಡ್ ಜೊತೆ ಅಂಗಡಿಯಿಂದಲೇ ಬರುತ್ತಿದ್ದ 'ಆರ್ಗನ್ 2' ಎಂಬ ಪ್ರೀಸೆಟ್. ರೀಮಿಕ್ಸ್ ಮಾಡಿದ ಸ್ವೀಡನ್ನಿನ ಸ್ಟೋನ್‌ಬ್ರಿಡ್ಜ್ ಆ ಸದ್ದನ್ನು ಹೊಸದಾಗಿ ಕಟ್ಟಲಿಲ್ಲ, ಇದ್ದದ್ದನ್ನೇ ಆರಿಸಿಕೊಂಡರು, ಎಲ್ಲಿ ಬಿಡು ಕೊಡಬೇಕೋ ಅಲ್ಲಿ ಕೊಟ್ಟರು. ನಮ್ಮ ಅಭಿಪ್ರಾಯ ಇಷ್ಟು: ಪ್ರೀಸೆಟ್ ಬಳಸುವುದರಲ್ಲಿ ನಾಚಿಕೆ ಏನಿಲ್ಲ. ಆದರೆ ಗುರುತು ಪರಿಚಯ ಇಲ್ಲದ ನಂಬರಿಗೆ ದುಡ್ಡು ಹಾಕಿ 'ರಹಸ್ಯ ಪ್ಯಾಕ್' ತರಿಸುವುದಕ್ಕಿಂತ ಮೊದಲು ಉಚಿತ ಸಿಂಥಸೈಜರಿನ ಒಳಗೇ ಇರುವ ನೂರಾರು ಪ್ರೀಸೆಟ್‌ಗಳನ್ನು ತೆರೆದು, ಅವುಗಳ ನಾಬ್ ತಿರುಗಿಸಿ ನೋಡಿ.

ಕೇಳಿದ ಸದ್ದನ್ನು ಬಿಚ್ಚುವುದು ಹೇಗೆ?

ನಿಮಗಿಷ್ಟವಾದ ಹಾಡಿನಲ್ಲಿ ಬೇಸ್ ಒಂಟಿಯಾಗಿ, ಅಥವಾ ಡ್ರಮ್ ಜೊತೆ ಮಾತ್ರ, ಇರುವ ಎರಡು ಸೆಕೆಂಡ್ ಹುಡುಕಿ. ಹಾಡಿನ ಶುರುವಿನಲ್ಲೋ ನಡುವೆಯೋ ಸಿಗುತ್ತದೆ. ಅದನ್ನು ಮತ್ತೆ ಮತ್ತೆ ತಿರುಗಲು ಬಿಡಿ. ಕಂಪ್ಯೂಟರಿನಲ್ಲಿ 'ಆಡಾಸಿಟಿ' ಎಂಬ ಉಚಿತ ತಂತ್ರಾಂಶದಲ್ಲಿ ಆ ತುಣುಕಿನ ಸ್ಪೆಕ್ಟ್ರಮ್ ತೆರೆದರೆ ಬೆಟ್ಟಸಾಲಿನಂಥ ಚಿತ್ರ ಕಾಣುತ್ತದೆ. ಶಿಖರಗಳು 55, 110, 165, 220 ಹೀಗೆ ಬಿಡದೆ ಇದ್ದರೆ ಸಾ-ಟೂತ್ ಇಟ್ಟು ಶುರುಮಾಡಿ. 55, 165, 275 ಹೀಗೆ ಒಂದು ಬಿಟ್ಟು ಒಂದಿದ್ದರೆ ಸ್ಕ್ವೇರ್. ಒಂದೇ ಶಿಖರವಿದ್ದರೆ ಸೈನ್. ಶಿಖರಗಳು ಎಲ್ಲಿಂದ ಮುಂದೆ ದಿಢೀರ್ ಕುಸಿದಿವೆಯೋ ಅಲ್ಲೆಲ್ಲೋ ಕಟ್‌ಆಫ್ ಇದೆ.

ಚಿತ್ರ ಹೇಳದ್ದನ್ನು ಬಾಯಿ ಹೇಳುತ್ತದೆ. ಬೇಸನ್ನು ಬಾಯಲ್ಲಿ ಅನುಕರಿಸಿ ನೋಡಿ, ಯಾರೂ ನೋಡುತ್ತಿಲ್ಲದಾಗ. ನಿಮ್ಮ ಬಾಯಿ 'ಆ' ಇಂದ 'ಊ' ಕಡೆಗೆ ಮುಚ್ಚಿಕೊಂಡರೆ ಫಿಲ್ಟರ್ ಎನ್ವಲಪ್ ಮುಚ್ಚುತ್ತಿದೆ. ಊ-ಆ-ಊ-ಆ ಎಂದು ಸಮನಾಗಿ ಆಡಿದರೆ ಎಲ್‌ಎಫ್‌ಒ. ಬಾಯಿ ಸುಮ್ಮನಿದ್ದು ಗಂಟಲೇ ನಡುಗಬೇಕು ಅನಿಸಿದರೆ ಎರಡು ಆಸಿಲೇಟರ್ ಶ್ರುತಿ ತಪ್ಪಿ ನಿಂತಿವೆ. ನಿಮ್ಮದನ್ನೂ ಮೂಲವನ್ನೂ ಹೋಲಿಸುವಾಗ ಎರಡರ ಸದ್ದಿನ ಮಟ್ಟ ಒಂದೇ ಇರಲಿ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ.

ಸದ್ದಿನ ಬಣ್ಣವನ್ನು ಹೀಗೆ ಹೊಸದಾಗಿ ಕಟ್ಟುವುದಕ್ಕೂ ಬೇರೆಯವರ ರೆಕಾರ್ಡಿಂಗನ್ನೇ ಕತ್ತರಿಸಿ ಅಂಟಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಹಕ್ಕುದಾರರ ಅನುಮತಿ ಬೇಕು, ಅವರ ರಾಗವನ್ನು ಹಾಗೆಯೇ ನುಡಿಸಿ ಬಿಡುಗಡೆ ಮಾಡುವುದಕ್ಕೂ ಬೇಕು.

ವಾಲ್ಯೂಮ್ ಏರಿಸುವ ಮೊದಲು

ಮನುಷ್ಯರ ಕಿವಿ ತಗ್ಗು ಸ್ವರಗಳಿಗೆ ಮಂದ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಇದನ್ನು ಅಳೆದು ತೋರಿಸಿದರು. ಕಡಿಮೆ ವಾಲ್ಯೂಮಿನಲ್ಲಿ ಬೇಸ್ ಸಾಲದೆನಿಸುವುದು ಅದಕ್ಕೇ. ಆಗ ಎಲ್ಲರೂ ಮಾಡುವ ಕೆಲಸ ವಾಲ್ಯೂಮ್ ಪೂರ್ತಿ ಏರಿಸುವುದು. ಬೇಸ್ ಜೊತೆ ಉಳಿದ ಸದ್ದುಗಳೂ ಏರುತ್ತವೆ, ಪೆಟ್ಟು ಬೀಳುವುದು ಕಿವಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಸಂಗೀತ ಮಾಡುವವರು ಒಂದೇ ತುಣುಕನ್ನು ದಿನವಿಡೀ ಕೇಳುತ್ತಾರೆ, 4 ಗಂಟೆ ಎರಡು ಸಂಜೆಗೆ ಮುಗಿಯುತ್ತದೆ. ಕಿವಿಯೊಳಗೆ ಗುಂಯ್ ಎನ್ನುವುದು ಶುರುವಾಗಿ ಮರುದಿನವೂ ನಿಲ್ಲದಿದ್ದರೆ ಕಿವಿ ಡಾಕ್ಟರನ್ನು ಕಾಣಿ.

ಸಿಂಥಸೈಜರಿನಲ್ಲಿ ಇನ್ನೊಂದು ಅಪಾಯವಿದೆ. ರೆಸೊನೆನ್ಸ್ ಏರಿಸಿಟ್ಟು ಕಟ್‌ಆಫ್ ಎಳೆಯುವಾಗ ಸೀಟಿ ಇದ್ದಕ್ಕಿದ್ದಂತೆ ಇಯರ್‌ಫೋನಿನಲ್ಲಿ ಸಿಡಿಯಬಹುದು. ಅದಕ್ಕೆ ಶುರುವಿನಲ್ಲೇ ಕೊನೆಯ ಹಂತಕ್ಕೆ ಒಂದು 'ಲಿಮಿಟರ್' ಹಾಕಿ, ವಾಲ್ಯೂಮ್ ಅರ್ಧಕ್ಕಿಂತ ಕೆಳಗಿಟ್ಟುಕೊಂಡು ನಾಬ್ ಮುಟ್ಟಿ.

ಬೇಸ್ ತಯಾರಾಯಿತೆನ್ನಿ, ಗೆಳೆಯರ ಗುಂಪಿಗೆ ಕಳಿಸಬೇಕು. ಸ್ಪೀಕರ್ ಮುಂದೆ ಫೋನ್ ಹಿಡಿದು ವಾಯ್ಸ್ ಮೆಸೇಜ್ ಮಾಡಬೇಡಿ. ಅದು ಮಾತಿಗೆಂದು ಮಾಡಿದ ವ್ಯವಸ್ಥೆ, ನೀವು ಕಟ್ಟಿದ ತಳವೆಲ್ಲ ಅಲ್ಲೇ ಸೋರಿಹೋಗುತ್ತದೆ. ಹಾಡಿನ ಫೈಲನ್ನೇ 'ಡಾಕ್ಯುಮೆಂಟ್' ಆಗಿ ಸೇರಿಸಿ ಕಳಿಸಿ, ಕೇಳುವವರಿಗೆ ಇಯರ್‌ಫೋನ್ ಹಾಕಿಕೊಳ್ಳಲು ಹೇಳಿ, ವಾಲ್ಯೂಮ್ ಇಳಿಸಿಕೊಂಡು ಶುರುಮಾಡಲೂ ಹೇಳಿ.